ತಡೆದಿಟ್ಟ ಓಲೆ

ಚಳಿಗಾಲದ ಗೋಧಿಯನ್ನು ವಸಂತದಲ್ಲಿ ಬಿತ್ತಿದರೆ ಏನಾಗುತ್ತದೆಂದು ರಷ್ಯಾ, ಉಕ್ರೇನ್ ಕಡೆಯ ರೈತರಿಗೆ ಹಿಂದಿನಿಂದಲೂ ಗೊತ್ತಿತ್ತು. ಪೈರು ಹುಟ್ಟುತ್ತದೆ, ಹಸಿರಾಗಿ ಹಬ್ಬುತ್ತದೆ, ತೆಂಡೆ ಒಡೆಯುತ್ತದೆ. ತೆನೆ ಮಾತ್ರ ಬರುವುದಿಲ್ಲ. ಬೇಸಿಗೆಯುದ್ದಕ್ಕೂ ಅದು ಹುಲ್ಲಾಗಿಯೇ ಉಳಿಯುತ್ತದೆ. ಅದೇ ಬೀಜವನ್ನು ಚಳಿಗೆ ಮುಂಚೆ ಬಿತ್ತಿ, ಹಿಮದ ಅಡಿಯಲ್ಲಿ ಕೆಲವು ವಾರ ಕಳೆಯಲು ಬಿಟ್ಟರೆ ಮುಂದಿನ ಬೇಸಿಗೆಗೆ ತೆನೆ ತೂಗುತ್ತದೆ. ನಮ್ಮ ಧಾರವಾಡ, ವಿಜಯಪುರದ ಕಡೆಯ ಗೋಧಿಗೆ ಈ ಹಂಗಿಲ್ಲ, ಅದು ಹಿಮಕ್ಕೆ ಕಾಯುವ ಜಾತಿಯದ್ದಲ್ಲ. ಆದ್ದರಿಂದ ನಮಗೆ ಈ ಸಂಗತಿ ತುಸು ವಿಚಿತ್ರವೆನಿಸುತ್ತದೆ. ತೆನೆ ಬಿಡುವ ಗುಣ ಆ ಬೀಜದಲ್ಲಿ ಮೊದಲೇ ಬರೆದಿತ್ತೋ, ಇಲ್ಲಾ ಚಳಿಗಾಲ ಬಂದು ಬರೆಯಿತೋ?

ಕೇಳಲು ಇದು ಸಸ್ಯಶಾಸ್ತ್ರದ ತರಗತಿಯ ಪ್ರಶ್ನೆಯಂತಿದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರು ಅಧಿಕಾರಕ್ಕೇರಿದರು, ಸರಿ ಉತ್ತರ ಹುಡುಕುತ್ತಿದ್ದವರು ಜೈಲಿನಲ್ಲಿ ಸತ್ತರು. ಆ ಕಥೆಯನ್ನು ಹಲವರು ಹೇಳಿದ್ದಾರೆ. ಆದರೆ ಗೋಧಿಯ ಒಳಗೆ ನಿಜಕ್ಕೂ ಏನು ನಡೆಯುತ್ತದೆಂದು ಈಗ ಒಂದಿಷ್ಟು ತಿಳಿದಿರುವುದರಿಂದ, ಅದನ್ನಿಟ್ಟುಕೊಂಡು ಆ ಕಥೆಯನ್ನು ಮತ್ತೊಮ್ಮೆ ಓದಬಹುದು ಎನಿಸುತ್ತದೆ.

1929ರಲ್ಲಿ ಉಕ್ರೇನಿನ ಒಬ್ಬ ರೈತ ನೆನೆಸಿದ ಚಳಿಗಾಲದ ಗೋಧಿಯನ್ನು ಮೂಟೆ ಕಟ್ಟಿ ಹಿಮದಲ್ಲಿ ಹೂತಿಟ್ಟು, ವಸಂತದಲ್ಲಿ ಬಿತ್ತಿ ಬೆಳೆ ತೆಗೆದ ಸುದ್ದಿ ಸೋವಿಯತ್ ಪತ್ರಿಕೆಗಳಲ್ಲಿ ಬಂತು. ಆ ರೈತ ತ್ರೋಫಿಮ್ ಲೈಸೆಂಕೊನ ತಂದೆ. ಬೀಜಕ್ಕೆ ಚಳಿ ಉಣಿಸಿದರೆ ಅದು ಬೇಗ ಹೂ ಬಿಡುತ್ತದೆ ಎಂಬುದನ್ನು ಜರ್ಮನಿಯ ಗುಸ್ತಾಫ್ ಗಾಸ್ನರ್ 1918ರಲ್ಲೇ ಅಭ್ಯಾಸ ಮಾಡಿ ಪ್ರಕಟಿಸಿದ್ದರು. ಲೈಸೆಂಕೊ ಅದಕ್ಕೊಂದು ಹೊಸ ಹೆಸರಿಟ್ಟ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಕೃಷಿ ಪ್ರಯೋಗಗಾರ ಎನಿಸಿಕೊಳ್ಳುತ್ತಿದ್ದನೇನೋ. ಆದರೆ ಅವನು ಮುಂದಕ್ಕೆ ಹೋಗಿ, ಚಳಿಯಿಂದ ಬಂದ ಬದಲಾವಣೆ ಮುಂದಿನ ಪೀಳಿಗೆಗೂ ಇಳಿಯುತ್ತದೆ, ಹೀಗೆ ತರಬೇತಿ ಕೊಟ್ಟು ಚಳಿಗಾಲದ ಗೋಧಿಯನ್ನೇ ವಸಂತದ ಗೋಧಿಯಾಗಿ ಮಾರ್ಪಡಿಸಬಹುದು ಎಂದ. ವಂಶವಾಹಿ ಎನ್ನುವುದೇ ಬೂರ್ಜ್ವಾ ಕಟ್ಟುಕಥೆ ಎಂದ. ಹಳೆಯ ಮನುಷ್ಯನನ್ನು ಅಳಿಸಿ ಹೊಸ ಮನುಷ್ಯನನ್ನು ತಯಾರಿಸುತ್ತೇವೆ ಎಂದು ಹೊರಟಿದ್ದ ಪ್ರಭುತ್ವಕ್ಕೆ ಈ ಮಾತು ಹಿತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1938ರಲ್ಲಿ ಅವನು ಕೃಷಿ ವಿಜ್ಞಾನಗಳ ಅಕಾಡೆಮಿಯ ಅಧ್ಯಕ್ಷನಾದ. ಜಗತ್ತಿನಾದ್ಯಂತ ಬೀಜ ಸಂಗ್ರಹಿಸಿ ಲೆನಿನ್‌ಗ್ರಾಡಿನಲ್ಲಿ ಬೀಜಭಂಡಾರ ಕಟ್ಟಿದ ನಿಕೊಲಾಯ್ ವಾವಿಲೊವ್ ಅವರನ್ನು 1940ರ ಆಗಸ್ಟಿನಲ್ಲಿ ಬಂಧಿಸಲಾಯಿತು. 1943ರ ಜನವರಿಯಲ್ಲಿ ಸರಾತೊವ್ ಜೈಲಿನಲ್ಲಿ ಅವರು ಹಸಿವಿನಿಂದ ಸೊರಗಿ ತೀರಿಕೊಂಡರು. 1948ರಲ್ಲಿ ತಳಿವಿಜ್ಞಾನದ ಬೋಧನೆಯೇ ಆ ದೇಶದಲ್ಲಿ ನಿಷಿದ್ಧವಾಯಿತು.

ಇದನ್ನು ಓದಿ, ಸದ್ಯ, ಎಲ್ಲವೂ ಬೀಜದಲ್ಲೇ ಬರೆದಿದೆ ಎಂದು ನಂಬಿದವರು ಸರಿಯಾಗಿದ್ದರಲ್ಲ ಎಂದು ನಿಟ್ಟುಸಿರು ಬಿಡುವಂತಿಲ್ಲ. ಆ ನಂಬಿಕೆಯೂ ಅದೇ ವರ್ಷಗಳಲ್ಲಿ ಬೇರೆಡೆ ರಕ್ತ ಕುಡಿಯುತ್ತಿತ್ತು. ಕೆಟ್ಟ ವಂಶವಾಹಿ ಇದೆ ಎಂಬ ಕಾರಣಕ್ಕೆ ಮನುಷ್ಯರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ಎತ್ತಿಹಿಡಿಯಿತು. ಜರ್ಮನಿ 1933ರಲ್ಲಿ ಅದಕ್ಕೆಂದೇ ಕಾನೂನು ತಂದಿತು. ನಮ್ಮಲ್ಲಿ ಹಣೆಬರಹ ಎಂಬ ಮಾತಿದೆ, ನೂಲಿನಂತೆ ಸೀರೆ ಎಂಬ ಗಾದೆಯಿದೆ. ಯಾರ ಕೈಗೆ ಸೌದೆ, ಯಾರ ಕೈಗೆ ಪುಸ್ತಕ ಎಂಬುದನ್ನು ಹುಟ್ಟಿನಿಂದಲೇ ನಿರ್ಧರಿಸಿದ ಸಮಾಜಕ್ಕೆ ಈ ವಿಚಾರವನ್ನು ಯಾವ ವಿಜ್ಞಾನಿಯೂ ಬಂದು ಕಲಿಸಬೇಕಿರಲಿಲ್ಲ. ಇತ್ತೀಚೆಗೆ ಕ್ರಿಕೆಟ್ ವರದಿಗಳಲ್ಲಿ, ಕಂಪನಿಗಳ ಜಾಹೀರಾತುಗಳಲ್ಲಿ 'ಅದು ನಮ್ಮ ಡಿಎನ್‌ಎಯಲ್ಲೇ ಇದೆ' ಎಂಬ ಮಾತು ಕಾಣಿಸುತ್ತದೆ. ಹಣೆಯಿಂದ ಜೀವಕೋಶಕ್ಕೆ ಇಳಿದದ್ದು ಬಿಟ್ಟರೆ ಬರಹ ಹಳೆಯದೇ.

ಲೈಸೆಂಕೊನ ಕಡೆಯವರಿಗೂ ಹಣೆಬರಹದ ಕಡೆಯವರಿಗೂ ಒಂದು ವಿಷಯದಲ್ಲಿ ಒಮ್ಮತವಿದೆ. ಬರೆದದ್ದೇ ನಡೆಯುತ್ತದೆ ಎಂದು ಇಬ್ಬರೂ ನಂಬುತ್ತಾರೆ. ಬರೆಯುವ ಕೈ ಯಾರದು ಎನ್ನುವುದಷ್ಟೇ ಜಗಳ. ಬರೆದದ್ದನ್ನು ಯಾರಾದರೂ ಓದಬೇಕಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಜೀವಕೋಶದಲ್ಲಿ ಆ ಓದುವಿಕೆ ಹೀಗೆ ನಡೆಯುತ್ತದೆ. ವಂಶವಾಹಿ ಇರುವುದು ಡಿಎನ್‌ಎಯಲ್ಲಿ, ಕೋಶಕೇಂದ್ರದೊಳಗೆ. ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಅದರ ಒಂದು ಭಾಗ ಆರ್‌ಎನ್‌ಎ ಎಂಬ ಎಳೆಯಾಗಿ ನಕಲಾಗುತ್ತದೆ. ಆ ಎಳೆ ಕೇಂದ್ರದಿಂದ ಹೊರಗೆ ಬಂದು ರೈಬೋಸೋಮನ್ನು ತಲುಪಿದರೆ, ಅಲ್ಲಿ ಅದನ್ನು ಓದಿ ಪ್ರೋಟೀನ್ ಕಟ್ಟಲಾಗುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಎರಡು ಬಾಣದ ಗುರುತು ಸಾಕು. ಆದರೆ ಆ ಆರ್‌ಎನ್‌ಎ ಎಳೆ ಒಂದು ಕ್ಷಣವೂ ಒಂಟಿಯಾಗಿರುವುದಿಲ್ಲ. ಹುಟ್ಟುತ್ತಿದ್ದಂತೆಯೇ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳು ಮುತ್ತಿಕೊಳ್ಳುತ್ತವೆ. ಒಂದು ಅದರಲ್ಲಿ ಬೇಡದ ತುಂಡನ್ನು ಕತ್ತರಿಸಲು ನೆರವಾಗುತ್ತದೆ, ಇನ್ನೊಂದು ಎಲ್ಲಿಗೆ ಕೊನೆಯಾಗಬೇಕೆಂದು ಗುರುತು ಹಾಕುತ್ತದೆ, ಮತ್ತೊಂದು ಹೊರಗೆ ಹೋಗದಂತೆ ತಡೆಯುತ್ತದೆ, ಮಗದೊಂದು ಸಿಕ್ಕುಬಿದ್ದ ಮಡಿಕೆಯನ್ನು ಬಿಡಿಸುತ್ತದೆ, ಕೆಲವು ಅದನ್ನು ನಾಶಕ್ಕೆ ಒಪ್ಪಿಸುತ್ತವೆ. ಡಿಎನ್‌ಎಯನ್ನು ಅರಮನೆಯ ಕಡತ ಎಂದುಕೊಂಡರೆ ಆರ್‌ಎನ್‌ಎ ಅಲ್ಲಿಂದ ಹೊರಟ ಓಲೆ. ಈ ಪ್ರೋಟೀನ್‌ಗಳು ಆ ಓಲೆ ಯಾವಾಗ, ಎಲ್ಲಿ, ಎಷ್ಟು ಓದಲ್ಪಡಬೇಕು, ಓದಲೇಬೇಕೆ ಎಂದು ತೀರ್ಮಾನಿಸುವವರು. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಗಿಡವಾದ ಅರಬಿಡಾಪ್ಸಿಸ್‌ನಲ್ಲಿ (ಸಾಸಿವೆಯ ದಾಯಾದಿಯಾದ ಒಂದು ಸಣ್ಣ ಕಳೆ) 2002ರಲ್ಲಿ ಎಣಿಸಿದಾಗ ಆರ್‌ಎನ್‌ಎ ಹಿಡಿಯುವ ಅತಿ ಸಾಮಾನ್ಯ ವಿನ್ಯಾಸವುಳ್ಳ ಪ್ರೋಟೀನ್‌ಗಳೇ 196 ಸಿಕ್ಕವು. ಬೇರೆ ವಿನ್ಯಾಸದವು ಇನ್ನೂ ನೂರಾರು. ಓಡಿಹೋಗಲಾಗದ, ನಿಂತಲ್ಲೇ ಎಲ್ಲವನ್ನೂ ಎದುರಿಸಬೇಕಾದ ಜೀವಕ್ಕೆ ಇಷ್ಟೊಂದು ಓದುಗರು ಬೇಕಾದದ್ದು ಸಹಜವೇ.

ಚಳಿಗಾಲದ ಗೋಧಿಗೆ ವಾಪಸು ಬರೋಣ. ಅದರಲ್ಲಿ ವಿಆರ್‌ಎನ್1 ಎಂಬ ವಂಶವಾಹಿಯಿದೆ, ಅದು ಮಾತಾಡದೆ ತೆನೆ ಬರುವುದಿಲ್ಲ. 2014ರಲ್ಲಿ ಚೀನಾದ ಸಂಶೋಧಕರು ಒಂದು ಸಂಗತಿ ಕಂಡುಕೊಂಡರು. ಈ ವಂಶವಾಹಿಯಿಂದ ಹೊರಡುವ ಓಲೆಯನ್ನು ಜಿಆರ್‌ಪಿ2 ಎಂಬ ಆರ್‌ಎನ್‌ಎ ಹಿಡಿಯುವ ಪ್ರೋಟೀನ್ ಕೋಶಕೇಂದ್ರದಲ್ಲೇ ಹಿಡಿದು, ಅದು ಕೂಡಿಕೊಳ್ಳದಂತೆ ತಡೆಯುತ್ತದೆ. ವಾರಗಟ್ಟಲೆ ಚಳಿ ಬಿದ್ದಾಗ ಈ ಪ್ರೋಟೀನ್‌ಗೆ ಒಂದು ಸಕ್ಕರೆಯ ಅಣು ಅಂಟಿಕೊಳ್ಳುತ್ತದೆ. ಆ ಗುರುತು ಕಂಡು ಇನ್ನೊಂದು ಪ್ರೋಟೀನ್ ಬಂದು ಜೊತೆಗೂಡಿದಾಗ, ತಡೆಯುತ್ತಿದ್ದದ್ದು ಕೇಂದ್ರದಿಂದ ಹೊರಕ್ಕೆ ಸರಿಯುತ್ತದೆ. ಓಲೆ ಬಿಡುಗಡೆಯಾಗುತ್ತದೆ. ಹಾಗಾದರೆ ತೆನೆಯ ಆಜ್ಞೆ ಬೀಜದಲ್ಲಿ ಬರೆದೇ ಇತ್ತು. ಅಷ್ಟರಮಟ್ಟಿಗೆ ವಾವಿಲೊವ್ ಸರಿ. ಚಳಿಯಿಲ್ಲದೆ ಅದು ಓದಲ್ಪಡುತ್ತಿರಲಿಲ್ಲ. ಹಿಮದಲ್ಲಿ ಮೂಟೆ ಹೂತ ಆ ರೈತ ಕಂಡದ್ದೂ ಸುಳ್ಳಲ್ಲ. ಆದರೆ ಲೈಸೆಂಕೊ ಹೇಳಿದಂತೆ ಈ ಬದಲಾವಣೆ ಮಕ್ಕಳಿಗೆ ಇಳಿಯುವುದಿಲ್ಲ. ಹೊಸ ಬೀಜ ಕಟ್ಟುವಾಗ ಚಳಿಯ ನೆನಪು ಅಳಿಸಿಹೋಗುತ್ತದೆ. ತಾಯಿ ಅನುಭವಿಸಿದ ಚಳಿ ತಾಯಿಗೆ. ಪ್ರತಿ ಬೀಜವೂ ತನ್ನ ಚಳಿಗಾಲವನ್ನು ತಾನೇ ಕಳೆಯಬೇಕು.

ಅರಬಿಡಾಪ್ಸಿಸ್‌ನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಎಫ್‌ಸಿಎ ಎಂಬ ಆರ್‌ಎನ್‌ಎ ಹಿಡಿಯುವ ಪ್ರೋಟೀನನ್ನು ನಾರ್ವಿಚ್‌ನಲ್ಲಿ ಕ್ಯಾರೊಲಿನ್ ಡೀನ್ ಅವರ ತಂಡ 1997ರಲ್ಲಿ ಗುರುತಿಸಿತು. ಇದು ಹೂ ಬಿಡುವುದನ್ನು ತಡೆಯುವ ವಂಶವಾಹಿಯನ್ನು ತಗ್ಗಿಸಿಡುತ್ತದೆ. ಇದು ಕೆಟ್ಟುಹೋದ ಗಿಡ ಬಹಳ ತಡವಾಗಿ ಹೂ ಬಿಡುತ್ತದೆ. ಬರಹದಲ್ಲೇ ದೋಷವಿದೆ, ಇನ್ನೇನು ಮಾಡುವುದು ಎನ್ನಬೇಕಷ್ಟೆ. ಆದರೆ ಅದೇ ದೋಷವುಳ್ಳ ಗಿಡಕ್ಕೆ ಕೆಲವು ವಾರ ಚಳಿ ಕೊಟ್ಟರೆ ಬೇಗ ಹೂ ಬಿಡುತ್ತದೆ. ಕೆಟ್ಟ ಅಕ್ಷರ ಕೆಟ್ಟದಾಗಿಯೇ ಉಳಿದಿದೆ, ಗಿಡ ಬೇರೆ ದಾರಿಯಿಂದ ಅದೇ ಊರು ಸೇರಿದೆ.

ಇದೇ ಎಫ್‌ಸಿಎ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಬರ ಬಂದಾಗ ಗಿಡದಲ್ಲಿ ಹೆಚ್ಚುವ ಹಾರ್ಮೋನನ್ನು ಗುರುತಿಸುವ ಗ್ರಾಹಕ ಇದೇ ಎಂದು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬಂತು. ದಶಕಗಳಿಂದ ಹುಡುಕುತ್ತಿದ್ದದ್ದು ಸಿಕ್ಕಿತೆಂದು ಸಂಭ್ರಮವಾಯಿತು. ನ್ಯೂಜಿಲೆಂಡಿನ ಸಂಶೋಧಕರು ಆ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. 2008ರಲ್ಲಿ ಅವರ ವರದಿ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು, ಮೊದಲ ಲೇಖನ ಹಿಂತೆಗೆಯಲ್ಪಟ್ಟಿತು. ನಿಜವಾದ ಗ್ರಾಹಕಗಳು ಮರುವರ್ಷ ಬೇರೆಡೆ ಸಿಕ್ಕವು. ಯಾರೂ ಜೈಲಿಗೆ ಹೋಗಲಿಲ್ಲ. ಲೈಸೆಂಕೊನ ಮಾತನ್ನು ಹೀಗೆ ಹಿಂತೆಗೆಯಲು ಸುಮಾರು ಮೂವತ್ತೈದು ವರ್ಷ ಬೇಕಾಯಿತು, 1965ರಲ್ಲಿ ಅವನ ಅಧಿಕಾರ ಹೋದ ಮೇಲಷ್ಟೇ ಅದು ಸಾಧ್ಯವಾಯಿತು.

ಇಲ್ಲೊಬ್ಬ ಜಾಣ ಓದುಗ ಕೈ ಎತ್ತಬಹುದು. ಓಲೆಯನ್ನು ಹಿಡಿಯುವ ಈ ಪ್ರೋಟೀನ್ ಕೂಡ ಒಂದು ವಂಶವಾಹಿಯಿಂದಲೇ ಬಂದದ್ದಲ್ಲವೇ? ಓದುಗನನ್ನೂ ಬರೆದವರು ಯಾರೋ ಇದ್ದಾರೆ ಎಂದಾದರೆ ಹಣೆಬರಹವನ್ನು ಒಂದು ಮೆಟ್ಟಿಲು ಹಿಂದಕ್ಕೆ ತಳ್ಳಿದಂತಾಯಿತೇ ಹೊರತು ಅಳಿಸಿದಂತಾಗಲಿಲ್ಲ. ಆಕ್ಷೇಪ ಗಟ್ಟಿಯಾಗಿದೆ. ಅದಕ್ಕೆ ಪೂರ್ತಿ ಉತ್ತರವಿದೆ ಎಂದು ನಾನು ಹೇಳುವುದಿಲ್ಲ. ಆದರೆ ಅರಬಿಡಾಪ್ಸಿಸ್‌ನ ಜಿಆರ್‌ಪಿ7 ಎಂಬ ಪ್ರೋಟೀನನ್ನು ನೋಡಿ. ದಿನಕ್ಕೊಮ್ಮೆ ಇದರ ಪ್ರಮಾಣ ಏರಿ ಇಳಿಯುತ್ತದೆ. ಚಳಿ ಬಿದ್ದರೆ ಹೆಚ್ಚುತ್ತದೆ. ಸಾಕಷ್ಟು ಕೂಡಿದಾಗ ಇದು ತನ್ನದೇ ಓಲೆಯನ್ನು ಹಿಡಿದು, ಅದು ತಪ್ಪಾಗಿ ಕತ್ತರಿಸಲ್ಪಡುವಂತೆ ಮಾಡುತ್ತದೆ. ತಪ್ಪು ಕತ್ತರಿಸಿದ ಓಲೆಯನ್ನು ಕೋಶ ಹರಿದುಹಾಕುತ್ತದೆ. ಎಫ್‌ಸಿಎ ಕೂಡ ತನ್ನ ಓಲೆಯನ್ನು ಮೊಟಕಾಗಿಸಿ ತನ್ನನ್ನು ಮಿತಿಯಲ್ಲಿಡುತ್ತದೆ. ಬರಹದಿಂದ ಹುಟ್ಟಿದ್ದು ತಿರುಗಿ ಬಂದು ಆ ಬರಹವನ್ನೇ ಓದಿ 'ಇನ್ನು ಸಾಕು' ಎನ್ನುತ್ತಿದೆ. ಇದನ್ನು ಸ್ವಾತಂತ್ರ್ಯ ಎಂದು ಕರೆಯಲು ನನಗೆ ಧೈರ್ಯವಿಲ್ಲ. ಆದರೆ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುವ ಆಜ್ಞೆಯ ಚಿತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂದು ನಮ್ಮ ಹಿರಿಯರು ವಾದಿಸುವಾಗ ಎರಡರ ನಡುವೆ ಗೆರೆ ಎಳೆಯಬಹುದು ಎಂದುಕೊಂಡಿದ್ದರು. ಗಿಡದಲ್ಲಿ ಆ ಗೆರೆ ಸುತ್ತಿಕೊಂಡು ಬಂದು ತನ್ನ ಬಾಲವನ್ನೇ ಕಚ್ಚಿದೆ.

ರೋಗಾಣುಗಳಿಗೆ ಈ ವಿಷಯ ವಿಜ್ಞಾನಿಗಳಿಗಿಂತ ಬಹಳ ಮೊದಲೇ ಗೊತ್ತಿತ್ತು ಎಂದು ತಮಾಷೆಗೆ ಹೇಳಬಹುದು. ಸೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಎಲೆಯೊಳಗೆ ನುಗ್ಗಿದಾಗ ಹಾಪ್‌ಯು1 ಎಂಬ ಪ್ರೋಟೀನನ್ನು ಗಿಡದ ಕೋಶಕ್ಕೆ ಚುಚ್ಚುತ್ತದೆ. ಅದು ಗಿಡದ ಡಿಎನ್‌ಎ ತಂಟೆಗೆ ಹೋಗುವುದಿಲ್ಲ. ನೇರವಾಗಿ ಜಿಆರ್‌ಪಿ7 ಬಳಿ ಹೋಗಿ ಅದು ಆರ್‌ಎನ್‌ಎ ಹಿಡಿಯುವ ಜಾಗವನ್ನೇ ಕೆಡಿಸುತ್ತದೆ. ಪುಸ್ತಕ ಸುಡುವ ಅಗತ್ಯವಿಲ್ಲ, ಓದುವವರ ಕಣ್ಣು ಕಟ್ಟಿದರೆ ಸಾಕು. ಲೆನಿನ್‌ಗ್ರಾಡಿನ ಬೀಜಗಳನ್ನು ಯಾರೂ ಸುಡಲಿಲ್ಲ, ಅವುಗಳನ್ನು ಬಲ್ಲವರನ್ನು ಹಿಡಿದೊಯ್ದರು.

ಈವರೆಗೆ ಹೇಳಿದ್ದು ಬೆಳವಣಿಗೆಯ ಮಾತು. ಸಂಕಟದ ಹೊತ್ತಿನಲ್ಲಿ ಈ ಪ್ರೋಟೀನ್‌ಗಳು ಮಾಡುವ ಕೆಲಸ ನನ್ನನ್ನು ಹೆಚ್ಚು ಕಾಡುತ್ತದೆ. ಗಿಡ ನೀರಲ್ಲಿ ಮುಳುಗಿದಾಗ ಆಮ್ಲಜನಕ ಸಿಗುವುದಿಲ್ಲ, ಶಕ್ತಿ ಕುಸಿಯುತ್ತದೆ. ಪ್ರೋಟೀನ್ ಕಟ್ಟುವುದು ಜೀವಕೋಶದ ಅತಿ ದುಬಾರಿ ಕೆಲಸಗಳಲ್ಲೊಂದು. ಎಲ್ಲ ಓಲೆಗಳನ್ನೂ ಪಾಲಿಸುತ್ತ ಕೂತರೆ ಗಿಡ ಸಾಯುತ್ತದೆ. ಆಗ ಯುಬಿಪಿ1ಸಿ ಎಂಬ ಪ್ರೋಟೀನ್ ಬಹುಪಾಲು ಓಲೆಗಳನ್ನು ಹಿಡಿದು ಗುಂಪುಗುಂಪಾಗಿ ಸಣ್ಣ ಕಣಗಳಲ್ಲಿ ಕೂಡಿಹಾಕುತ್ತದೆ ಎಂದು ಕ್ಯಾಲಿಫೋರ್ನಿಯಾದಲ್ಲಿ ಜೂಲಿಯಾ ಬೈಲಿ-ಸೆರೆಸ್ ಅವರ ತಂಡ 2014ರಲ್ಲಿ ತೋರಿಸಿತು. ಉಸಿರು ಕಟ್ಟಿದಾಗ ಬೇಕಾದ ಕೆಲವೇ ಓಲೆಗಳು ರೈಬೋಸೋಮಿಗೆ ಹೋಗುತ್ತವೆ. ಉಳಿದವು ಕಾಯುತ್ತವೆ. ಅವು ನಾಶವಾಗಿಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ. ನೀರಿಳಿದು ಗಾಳಿ ಸಿಕ್ಕಿದ ಸ್ವಲ್ಪ ಹೊತ್ತಿಗೇ ಆ ಕಣಗಳು ಕರಗುತ್ತವೆ, ಓಲೆಗಳು ಮತ್ತೆ ಓದಿಗೆ ಬರುತ್ತವೆ. ಸುಡುಬಿಸಿಲಲ್ಲೂ ಇಂಥದ್ದೇ ನಡೆಯುತ್ತದೆ. ರೈಬೋಸೋಮ್ ಕಟ್ಟಲು ಬೇಕಾದ ಓಲೆಗಳನ್ನು ಗಿಡ ಕಣಗಳಲ್ಲಿ ಜೋಪಾನ ಮಾಡುತ್ತದೆ. ಕಾವು ಇಳಿದಾಗ ಎಚ್‌ಎಸ್‌ಪಿ101 ಎಂಬ ಇನ್ನೊಂದು ಪ್ರೋಟೀನ್ ಅವುಗಳ ಬಿಡುಗಡೆಗೆ ನೆರವಾಗುತ್ತದೆ. ಈ ಬಿಡಿಸುವ ಪ್ರೋಟೀನ್ ಇಲ್ಲದ ಗಿಡದಲ್ಲಿ ಬಿಡುಗಡೆ ತಡವಾಗುತ್ತದೆ, ಚೇತರಿಕೆ ಕುಂಟುತ್ತದೆ.

ಪಾಲಿಸುವುದಕ್ಕೂ ಧಿಕ್ಕರಿಸುವುದಕ್ಕೂ ನಡುವೆ ಇರುವ ಈ ಮೂರನೆಯ ಕ್ರಿಯೆಗೆ ನಮ್ಮ ನೀತಿಯ ಮಾತಿನಲ್ಲಿ ಸರಿಯಾದ ಹೆಸರಿಲ್ಲ. ಸಂಯಮ ಎಂದರೆ ಆಸೆಯನ್ನು ಗೆಲ್ಲುವುದು ಎಂಬ ಅರ್ಥ ಬರುತ್ತದೆ. ಸಹನೆ ಎಂದರೆ ನೋವನ್ನು ನುಂಗುವುದು. ಇಲ್ಲಿರುವುದು ಬೇರೆ: ಈಗ ಮಾಡಲಾಗದ ಕೆಲಸವನ್ನು ಕೆಡದಂತೆ ಹಿಡಿದಿಟ್ಟುಕೊಂಡು, ಮಾಡಬಹುದಾದ ಗಳಿಗೆಯಲ್ಲಿ ಬಿಟ್ಟುಕೊಡುವುದು. ಹೊರಗಿನಿಂದ ನೋಡುವವರಿಗೆ ಇದು ಸೋಮಾರಿತನದಂತೆ, ಹೇಡಿತನದಂತೆ ಕಾಣುತ್ತದೆ. ಕಷ್ಟದ ವರ್ಷಗಳಲ್ಲಿ ಓದು ನಿಲ್ಲಿಸಿ ಮನೆಗೆ ದುಡಿದ ಹುಡುಗಿಯನ್ನು 'ಅವಳಿಗೆ ಆಸಕ್ತಿ ಇರಲಿಲ್ಲ' ಎಂದು ತೀರ್ಪು ಕೊಡುವವರು ಎಷ್ಟೋ ಮಂದಿ. ಅವಳ ಆಸಕ್ತಿ ಎಲ್ಲಿ ಹೋಯಿತು ಎಂದು ಕೇಳಿದವರು ಕಡಿಮೆ.

ಆದರೂ ಒಂದು ಎಚ್ಚರ ಬೇಕು. ಗಿಡಕ್ಕೆ ಸಂಯಮವಿದೆ ಎನ್ನುವುದು ಕವಿಸಮಯ. ಹಿಡಿದಿಟ್ಟುಕೊಳ್ಳಲಾಗದ ಗಿಡಗಳು ಪ್ರವಾಹದಲ್ಲಿ ಸತ್ತವು, ಅವಕ್ಕೆ ಬೀಜವಾಗಲಿಲ್ಲ, ಹಿಡಿದಿಟ್ಟವು ಉಳಿದವು. ಅಷ್ಟೇ. ಅದರಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಪ್ರಕೃತಿಯಲ್ಲಿ ಹೀಗಿದೆ, ಆದ್ದರಿಂದ ನಾವೂ ಹೀಗಿರಬೇಕು ಎಂಬ ವಾದದ ಗತಿ ಏನಾಯಿತು ಎನ್ನುವುದನ್ನು ಮೇಲೆ ಜರ್ಮನಿಯ ಕಾನೂನಿನ ಮಾತಿನಲ್ಲಿ ನೋಡಿದ್ದೇವೆ. ಗಿಡದಿಂದ ನಮಗೆ ಸಿಗುವುದು ಉಪದೇಶವಲ್ಲ. ಹೆಚ್ಚೆಂದರೆ ಒಂದು ಸ್ಪಷ್ಟ ಉದಾಹರಣೆ ಸಿಗುತ್ತದೆ, ಅದರ ಪಕ್ಕದಲ್ಲಿ ನಮ್ಮ ಬದುಕನ್ನಿಟ್ಟು ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂದು ನೋಡಬಹುದು. ಹೋಲದ ಕಡೆಯೇ ನೀತಿಯ ಪ್ರಶ್ನೆ ಶುರುವಾಗುವುದು.

ಮೊದಲನೆಯದಾಗಿ, ಗಿಡ ತಡೆದಿಟ್ಟುಕೊಂಡರೆ ನಷ್ಟ ಯಾರಿಗೆ? ಗಿಡ ಉಳಿಯುತ್ತದೆ, ಇಳುವರಿ ಹೋಗುತ್ತದೆ. ಗಿಡದ ಒಳಿತು ಬದುಕಿರುವುದರಲ್ಲಿ, ನಮ್ಮ ಒಳಿತು ಕಾಳಿನಲ್ಲಿ. ಬೇಸಿಲಸ್ ಸಬ್‌ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಚಳಿ ಬಿದ್ದಾಗ ಆರ್‌ಎನ್‌ಎಯ ಗಂಟುಗಳನ್ನು ಬಿಡಿಸುವ ಸಿಎಸ್‌ಪಿಬಿ ಎಂಬ ಪ್ರೋಟೀನಿದೆ. ಅದರ ವಂಶವಾಹಿಯನ್ನು ಮೆಕ್ಕೆಜೋಳಕ್ಕೆ ಸೇರಿಸಿ, ನೀರಿನ ಕೊರತೆಯಲ್ಲೂ ಬೆಳವಣಿಗೆ ಹೆಚ್ಚು ಕುಗ್ಗದ ತಳಿಯೊಂದನ್ನು ಮೊನ್ಸಾಂಟೊ ಕಂಪನಿ ಮಾಡಿತು. ಅಮೆರಿಕ 2011ರ ಡಿಸೆಂಬರಿನಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಸಾಂಪ್ರದಾಯಿಕವಾಗಿ ಬೆಳೆಸಿದ ತಳಿಗಳಲ್ಲಿ ಕಾಣುವ ಬರ ಸಹಿಷ್ಣುತೆಯ ವ್ಯಾಪ್ತಿಯನ್ನು ಇದು ಮೀರಿಲ್ಲ ಎಂದು ಅಲ್ಲಿನ ಕೃಷಿ ಇಲಾಖೆಯೇ ಗುರುತಿಸಿತ್ತು. ಕುಲಾಂತರಿ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಲ್ಲಿ ಹೋಗುತ್ತಿಲ್ಲ. ಗಮನಿಸಬೇಕಾದ್ದು ಇಷ್ಟು. ಗಿಡ 'ಕಾಯುತ್ತೇನೆ' ಎಂದಾಗ 'ಕಾಯಬೇಡ, ಬೆಳೆ' ಎನ್ನುವ ಇನ್ನೊಬ್ಬರು ಬಂದರೆ, ಹಿಡಿಯುವ ಕೈ ಮತ್ತು ಹಿಡಿತದ ಬೆಲೆ ತೆರುವ ದೇಹ ಬೇರೆಬೇರೆಯಾಗುತ್ತವೆ. ಕೋಶದಲ್ಲಿ ಅವೆರಡೂ ಒಂದೇ ದೇಹದ್ದು. ಮನುಷ್ಯರ ಸಮಾಜದಲ್ಲಿ ಹಾಗಿರುವುದು ಅಪರೂಪ.

ಲೈಸೆಂಕೊ ಮೇಲೇರುತ್ತಿದ್ದ ವರ್ಷಗಳಲ್ಲೇ ಅವನ ಸ್ವಂತ ನೆಲವಾದ ಉಕ್ರೇನಿನಲ್ಲಿ ಕಾಳು ತಡೆದಿಡುವ ಕೆಲಸ ದೊಡ್ಡದಾಗಿ ನಡೆಯಿತು. ಸರ್ಕಾರ ರೈತರ ಕಣಜ ಬಳಿದು ಗೋಧಿ ಒಯ್ದಿತು. ಕಟಾವಾದ ಹೊಲದಲ್ಲಿ ಬಿದ್ದ ತೆನೆ ಆಯ್ದುಕೊಂಡರೂ ಕಠಿಣ ಶಿಕ್ಷೆ ವಿಧಿಸಬಲ್ಲ ಕಾನೂನು 1932ರ ಆಗಸ್ಟ್ 7ರಂದು ಬಂತು. ಅದಕ್ಕೂ ಕಾರಣವಾಗಿ ಭವಿಷ್ಯವನ್ನೇ ತೋರಿಸಲಾಗಿತ್ತು: ಕೈಗಾರಿಕೆ ಕಟ್ಟಬೇಕು, ಸಮಾಜವಾದ ಕಟ್ಟಬೇಕು, ಈಗಿನ ಹಸಿವು ನಾಳೆಯ ಸಮೃದ್ಧಿಗೆ. ಲಕ್ಷಾಂತರ ಜನ ಸತ್ತರು. ತಡೆದವರು ಹಸಿದಿರಲಿಲ್ಲ, ಹಸಿದವರು ತಡೆದಿರಲಿಲ್ಲ.

ಹತ್ತು ವರ್ಷವೂ ಕಳೆಯುವ ಮುಂಚೆ ಅದೇ ದೇಶದ ಇನ್ನೊಂದು ನಗರದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಡಬೇಕು. ಅದಕ್ಕೆ ಮೊದಲು ಬೀಜದ ಬಗ್ಗೆ ಒಂದು ಮಾತು. 1965ರಲ್ಲಿ ಲಿಯನ್ ಡ್ಯೂರ್ ಮತ್ತು ಸಂಗಡಿಗರು ಹತ್ತಿಬೀಜಕ್ಕೆ ಹೊಸ ಆರ್‌ಎನ್‌ಎ ತಯಾರಾಗದಂತೆ ತಡೆಯುವ ಔಷಧ ಕೊಟ್ಟು ಮೊಳಕೆಗೆ ಇಟ್ಟರು. ಆದರೂ ಅದು ಪ್ರೋಟೀನ್ ಕಟ್ಟತೊಡಗಿತು. ಅಂದರೆ ಬೇಕಾದ ಓಲೆಗಳು ಬೀಜ ಒಣಗುವ ಮೊದಲೇ ಬರೆಯಲ್ಪಟ್ಟು, ಪ್ರೋಟೀನ್‌ಗಳ ಹಿಡಿತದಲ್ಲಿ ಒಳಗೆ ಕಾದಿದ್ದವು. ನಮ್ಮ ಅಜ್ಜಿಯರು ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಪ್ರತಿ ಬಿತ್ತನೆ ಕಾಳೂ ಇಂಥ ಓದದ ಓಲೆಗಳ ಕಂತೆ.

1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಸುತ್ತುವರಿಯಿತು. ಮುತ್ತಿಗೆ 872 ದಿನ ನಡೆಯಿತು. ಆ ಮೊದಲ ಚಳಿಗಾಲದಲ್ಲಿ ಬಹುಪಾಲು ಜನರಿಗೆ ಸಿಗುತ್ತಿದ್ದದ್ದು ದಿನಕ್ಕೆ 125 ಗ್ರಾಂ ಬ್ರೆಡ್, ಅದರಲ್ಲೂ ಅರ್ಧ ಹಿಟ್ಟಲ್ಲದ್ದು. ಸೇಂಟ್ ಐಸಾಕ್ ಚೌಕದ ಪಕ್ಕದ ಕಟ್ಟಡದಲ್ಲಿ ವಾವಿಲೊವ್ ಕೂಡಿಸಿದ ಎರಡು ಲಕ್ಷಕ್ಕೂ ಹೆಚ್ಚು ಬೀಜದ ಮಾದರಿಗಳಿದ್ದವು: ಭತ್ತ, ಗೋಧಿ, ಬಟಾಣಿ, ನೆಲಗಡಲೆ, ಓಟ್ಸ್. ಟನ್ನುಗಟ್ಟಲೆ ಆಹಾರ. ಅದನ್ನು ಕಟ್ಟಿದವರು ಆಗಲೇ ಜೈಲಿನಲ್ಲಿದ್ದರು, ಬದುಕಿದ್ದಾರೋ ಇಲ್ಲವೋ ಎಂಬುದು ಸಹೋದ್ಯೋಗಿಗಳಿಗೆ ತಿಳಿದಿರಲಿಲ್ಲ. ಕಿಟಕಿಗಳಿಗೆ ಹಲಗೆ ಬಡಿದು, ಇಲಿಗಳನ್ನು ಓಡಿಸುತ್ತ, ಕೊರೆಯುವ ಕೋಣೆಗಳಲ್ಲಿ ಅವರು ಪಾಳಿಯ ಮೇಲೆ ಕಾವಲು ಕೂತರು. ಭತ್ತದ ತಜ್ಞ ದ್ಮಿತ್ರಿ ಇವಾನೊವ್ ಹಸಿವಿನಿಂದ ಸತ್ತಾಗ ಅವರ ಸುತ್ತ ಭತ್ತದ ಸಾವಿರಾರು ಪೊಟ್ಟಣಗಳಿದ್ದವು. ನೆಲಗಡಲೆಯ ತಜ್ಞ ಅಲೆಕ್ಸಾಂಡರ್ ಷುಕಿನ್ ತಮ್ಮ ಮೇಜಿನ ಬಳಿಯೇ ಸತ್ತರು. ಓಟ್ಸ್ ನೋಡಿಕೊಳ್ಳುತ್ತಿದ್ದ ಲಿಲಿಯಾ ರೊದಿನಾ ಸತ್ತರು. ಇನ್ನೂ ಹಲವರು.

ಇದನ್ನು ಕೇಳಿದಾಗ ಮೈ ನವಿರೇಳುತ್ತದೆ. ಆದರೆ ನವಿರೇಳಿದ ಮೈಯಿಂದ ಯೋಚಿಸಬಾರದು. ಕಟ್ಟಡದ ಹೊರಗೆ ಮಕ್ಕಳು ಸಾಯುತ್ತಿದ್ದರು. ಆ ಕಾಳನ್ನು ಬೇಯಿಸಿದ್ದರೆ ಕೆಲವರಾದರೂ ಕೆಲವು ದಿನ ಹೆಚ್ಚು ಬದುಕುತ್ತಿದ್ದರು. ಕಣ್ಣೆದುರಿನ ಮಗುವಿಗಿಂತ ಹುಟ್ಟದವರ ಊಟ ದೊಡ್ಡದು ಎಂದು ತೀರ್ಮಾನಿಸುವ ಹಕ್ಕು ಇವರಿಗೆ ಕೊಟ್ಟವರು ಯಾರು? ಹತ್ತು ಲಕ್ಷ ಜನ ಸಾಯುತ್ತಿದ್ದ ನಗರಕ್ಕೆ ಕೆಲವು ಟನ್ ಕಾಳು ಯಾವ ಮೂಲೆಗೆ ಎಂಬ ಸಮಾಧಾನ ಹೇಳಬಹುದು, ಅದು ಲೆಕ್ಕಕ್ಕೆ ಸರಿಯೂ ಹೌದು. ಆದರೆ ನನಗೆ ಆ ಲೆಕ್ಕಕ್ಕಿಂತ ಮುಖ್ಯವೆನಿಸುವುದು, ಬೇರೆಯವರಿಗೆ ಇಲ್ಲವೆಂದ ಕಾಳನ್ನು ಅವರು ತಮಗೂ ಇಲ್ಲವೆಂದರು ಎನ್ನುವುದು. 1932ರಲ್ಲಿ ಕಣಜ ಬಳಿದವರಿಗೂ ಇವರಿಗೂ ಇರುವ ಅಂತರ ಅಷ್ಟೇ, ಮತ್ತು ಅಷ್ಟು ದೊಡ್ಡದು. ಅದರಿಂದ ಹೊರಗಿನ ಮಗುವಿಗೆ ನ್ಯಾಯ ಸಿಕ್ಕಿತು ಎಂದು ನಾನು ಹೇಳಲಾರೆ. ಆ ಪ್ರಶ್ನೆ ಹಾಗೇ ಉಳಿಯುತ್ತದೆ, ಉಳಿಯಬೇಕು ಕೂಡ.

ತಡೆದಿಡುವುದಕ್ಕೆ ಇನ್ನೊಂದು ಷರತ್ತಿದೆ, ಕಾವು ಇಳಿದ ಮೇಲೆ ಬಿಟ್ಟುಕೊಡಬೇಕು. ಲೆನಿನ್‌ಗ್ರಾಡಿನಲ್ಲಿ ಅದನ್ನು ನೆನಪಿಸಿದ್ದು ಆಲೂಗಡ್ಡೆ. ಭತ್ತ, ಗೋಧಿಯನ್ನು ಒಣಗಿಸಿ ವರ್ಷಗಟ್ಟಲೆ ಪೊಟ್ಟಣದಲ್ಲಿಡಬಹುದು, ಗೆಡ್ಡೆಯನ್ನು ಹಾಗಿಡಲಾಗದು. ಅದು ಹೆಪ್ಪುಗಟ್ಟಿದರೆ ಸಾಯುತ್ತದೆ, ಬೆಚ್ಚಗಾದರೆ ಮೊಳೆಯುತ್ತದೆ, ಪ್ರತಿ ವರ್ಷ ಮಣ್ಣಿಗೆ ಹೋಗಲೇಬೇಕು. ಮುತ್ತಿಗೆಗೆ ಮುನ್ನ ಪಾವ್ಲೊವ್‌ಸ್ಕ್‌ನ ಹೊಲಗಳಿಂದ ಗುಂಡಿನ ಸುರಿಮಳೆಯ ನಡುವೆ ಅಗೆದು ತಂದಿದ್ದ ಗೆಡ್ಡೆಗಳನ್ನು ಆ ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಸಿಕ್ಕಿದ್ದೆಲ್ಲ ಸುಟ್ಟು ಹೆಪ್ಪುಗಟ್ಟದಂತೆ ನೋಡಿಕೊಂಡಿದ್ದರು. 1942ರ ವಸಂತದಲ್ಲಿ, ಮುತ್ತಿಗೆ ಇನ್ನೂ ಮುಗಿದಿರಲಿಲ್ಲ, ಬದುಕಿ ಉಳಿದವರು ಆ ಗೆಡ್ಡೆಗಳನ್ನು ಹೊತ್ತು ನಗರದಂಚಿನ ಹೊಲಗಳಿಗೆ ಹೋಗಿ ಒಂದೊಂದಾಗಿ ನೆಟ್ಟರು.